ಕುದಿದು ಆರಿದ ಸುಣ್ಣ

ಕಳಸದ ಸುತ್ತಿನ ತೋಟಗಳಲ್ಲಿ ಮಳೆಗೆ ಮೊದಲು ಮೆಣಸಿನ ಬಳ್ಳಿಗೆ ಕೊಳೆರೋಗ ತಡೆಯುವ ಬೋರ್ಡೋ ಔಷಧಿ ಹೊಡೆಯುವುದು ನಾಗೇಶನ ಕೆಲಸ. ಮೈಲುತುತ್ತ, ಸುಣ್ಣ ಬೆರೆಸಿ ಅದನ್ನು ಕಲಸುವುದು ಹೆಂಡತಿ ರಶ್ಮಿ. ನಾಗೇಶ ಯಾವ ವಸ್ತುವನ್ನಾದರೂ ನೀರಿಗೆ ಹಾಕಿ ಜಾತಿ ಹೇಳುತ್ತಾನೆ. ಮೈಲುತುತ್ತ ಕರಗುವ ಜಾತಿ, ಸುಟ್ಟ ಸುಣ್ಣದ ಕಲ್ಲು ಕುದಿಯುವ ಜಾತಿ, ಎಣ್ಣೆ ತೇಲುವ ಜಾತಿ. ಕಲಸಿದ ಔಷಧಿಗೆ ಕತ್ತಿ ಅದ್ದುತ್ತಾನೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಎಲೆ ಸುಡುತ್ತದೆ ಎಂದರ್ಥ.

ರಶ್ಮಿಯ ಅಣ್ಣ ಪ್ರಸನ್ನಕುಮಾರನಿಗೆ ಅವನು ಇಟ್ಟ ಹೆಸರು ‘ಸುಣ್ಣದ ಕಲ್ಲು’.

ಹೋದ ವರ್ಷ ಮೋಡ ಕವಿದ ಒಂದು ಬೆಳಿಗ್ಗೆ ಪ್ರಸನ್ನಕುಮಾರ ಪಂಪಿನ ಪೈಪಿಗೇ ಕೈ ಹಾಕಿದ. "ಮೊದ್ಲು ನನ್ ತೋಟಕ್ಕೆ ಹೊಡಿ ಮಾರಾಯ. ಮಳೆ ಹಿಡೀತು ಅಂದ್ರೆ ಬಳ್ಳಿ ಎಲ್ಲ ಕೊಳೆತು ಹೋಗುತ್ತೆ."

"ಒಪ್ಕೊಂಡ ತೋಟ ಮುಗೀಲಿ ಭಾವ. ಹಿಂಗೆ ಬುಸುಗುಟ್ತಿದ್ರೆ ಸುಣ್ಣದ ಬದ್ಲು ನಿಮ್ಮನ್ನೇ ಡ್ರಮ್ಮಿಗೆ ಹಾಕ್ಬೇಕಾಗುತ್ತೆ."

ಆಳುಗಳು ನಕ್ಕರು. ಪ್ರಸನ್ನಕುಮಾರ ನಾಗೇಶನ ಬಾಯಿಗೇ ಗುದ್ದಿದ. ನಾಗೇಶ ರಕ್ತ ಉಗುಳಿ ಅವನ ಕುತ್ತಿಗೆ ಅಮುಕಿದ. ರಶ್ಮಿ ಬಿಡಿಸಲು ಬಗ್ಗಿದಾಗ, ನಾಗೇಶನಿಗೆಂದು ಅಣ್ಣ ಬೀಸಿದ ಒದೆ ಸುಣ್ಣದ ಬಕೆಟ್ಟಿಗೆ ಬಿತ್ತು. ಸುಣ್ಣದ ನೀರು ಅವಳ ಎರಡೂ ಕಣ್ಣಿಗೆ ಸಿಡಿಯಿತು.

"ನೀರು ಹಾಕ್ಬೇಡಿ! ಕುದಿಯುತ್ತೆ! ಎಣ್ಣೆ ಹಾಕಿ!" ಎಂದು ಆಳುಗಳು ಕೂಗಿದರು.

ನಾಗೇಶನ ಲೆಕ್ಕವೂ ಅದೇ. ಕೈಗೆ ಹಚ್ಚಲು ಇಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ಅವಳ ಎಡಗಣ್ಣಿಗೆ ಸುರಿದ. ಅವಳ ಚೀರಾಟ ಹೆಚ್ಚಿತು. ಕಣ್ಣೀರು ಎಣ್ಣೆಯಲ್ಲಿ ಬೆರೆಯದೆ ಮಣಿಯಾಗಿ ಜಾರಿದ್ದು ಅವನಿಗೆ ಕಂಡಿತು. ಎಣ್ಣೆ ಸುಣ್ಣವನ್ನು ತೊಳೆಯುತ್ತಿಲ್ಲ, ಮುಚ್ಚುತ್ತಿದೆ! ಬಕೆಟ್ಟಿನ ಸುಣ್ಣವಂತೂ ಹಿಂದಿನ ರಾತ್ರಿಯೇ ಕುದಿದು ಆರಿತ್ತು. ಒಮ್ಮೆ ಕುದಿದದ್ದು ಮತ್ತೆ ಕುದಿಯುವುದುಂಟೇ?

ಕೂದಲು ಹಿಡಿದು ಅವಳನ್ನು ನೆಲಕ್ಕೆ ಕೆಡವಿದ. ಎದೆಯ ಮೇಲೆ ಮೊಣಕಾಲೂರಿ, ರೆಪ್ಪೆಗಳನ್ನು ಬೆರಳಿಂದ ಅಗಲಿಸಿ ಡ್ರಮ್ಮಿಗೆ ನೀರು ತುಂಬುವ ಪೈಪು ಹಿಡಿದ. ಅವಳು ಅವನ ಮಣಿಕಟ್ಟನ್ನು ಕಚ್ಚಿದಳು. ಅವನಿಗೆ ಹುಚ್ಚು ಹಿಡಿಯಿತೆಂದು ಆಳು ಹೆಂಗಸರು ಬೆನ್ನಿಗೆ ದೊಣ್ಣೆಯಲ್ಲಿ ಬಡಿದರು. ಪ್ರಸನ್ನಕುಮಾರ ಪಕ್ಕೆಗೆ ಒದ್ದ. ಜೀಪು ಬರುವವರೆಗೂ ನಾಗೇಶ ಪೈಪು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಬಲಗಣ್ಣು ಉಳಿಯಿತು. ಎಣ್ಣೆ ಬಿದ್ದ ಎಡಗಣ್ಣು ಬೆಳ್ಳಗಾಯಿತು.

ಮನೆಗೆ ಬಂದ ದಿನವೇ ನಾಗೇಶ ಕತ್ತಿ ಹಿರಿದ. "ಭಾವನ್ನ ಕಡಿದೇ ಬರ್ತೀನಿ."

ರಶ್ಮಿ ಬಾಗಿಲಿಗೆ ಅಡ್ಡ ನಿಂತಳು. "ಕಣ್ಣು ಕಳೆದೋರನ್ನ ಕಡಿಯೋದಾದ್ರೆ ನಿಮ್ಮಿಂದ್ಲೇ ಶುರು ಮಾಡ್ರೀ. ಎಣ್ಣೆ ಸುರಿದದ್ದು ನಮ್ಮಣ್ಣ ಅಲ್ಲ."

ನಾಗೇಶ ಕತ್ತಿಯನ್ನು ಹೊಸ್ತಿಲ ಮೇಲಿಟ್ಟ, ಅವಳು ಎತ್ತಿಕೊಂಡಳು.

ಈ ವರ್ಷ ನಾಗೇಶ ಮೊದಲು ಔಷಧಿ ಹೊಡೆದದ್ದು ಪ್ರಸನ್ನಕುಮಾರನ ತೋಟಕ್ಕೆ. ರಶ್ಮಿ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಔಷಧಿ ಕಲಸಿದಳು, ತಾನೇ ಕತ್ತಿ ಅದ್ದಿ ನೋಡಿದಳು, ಒರೆಸಿ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು. ಆ ಕತ್ತಿಯನ್ನು ಅವಳು ಇನ್ನೂ ನಾಗೇಶನ ಕೈಗೆ ಕೊಟ್ಟಿಲ್ಲ.