ಪೆಟ್ರೋಲ್ ವಾಸನೆಯ ನೀರಿನ ಕ್ಯಾನು

ಇವತ್ತು ಬೆಳಿಗ್ಗೆ ಅಟ್ಟದಿಂದ ನೀಲಿ ಕ್ಯಾನು ಇಳಿಸಿ ಮುಚ್ಚಳ ತೆಗೆದೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಎರಡು ವರ್ಷದಿಂದ ಸೋಪಿನ ಪುಡಿ, ಹುಣಸೆಹಣ್ಣು, ನಿಂಬೆ ಸಿಪ್ಪೆ ಎಲ್ಲ ಹಾಕಿ ಉಜ್ಜಿದ್ದೇನೆ, ಹೋಗಿಲ್ಲ. ಕುಡಿಯುವ ನೀರಿಗೆಂದು ಕೊಂಡ ಐದು ಲೀಟರಿನ ಕ್ಯಾನು ಅದು. ಒಳ್ಳೆಯ ಕ್ಯಾನು, ಎಸೆಯಲು ಮನಸ್ಸಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನಿಮಗೆ ನಿಜವನ್ನೇ ಹೇಳಬಹುದು.

ನಮ್ಮ ಯಜಮಾನರು ಮುಳಬಾಗಿಲಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಹೋಳೂರಿನಿಂದ ಆಂಧ್ರದ ಗಡಿಯವರೆಗೆ ಯಾರ ತೋಟದಲ್ಲಿ ಎಷ್ಟು ಅಡಿಗೆ ನೀರು ಬಿತ್ತು, ಯಾವಾಗ ನಿಂತುಹೋಯಿತು, ಎಲ್ಲ ಬಾಯಿಪಾಠ. ನೆಂಟರ ಹೆಸರು ಮರೆತಾರು, ಅವರ ಬೋರು ಮರೆಯುವುದಿಲ್ಲ. ನಾನಾದರೋ ಹುಟ್ಟಾ ಪುಕ್ಕಲಿ. ಬೀಗ ಹಾಕಿ ಬೀದಿ ಕೊನೆಯವರೆಗೆ ಹೋದವಳು, ಗ್ಯಾಸ್ ಆಫ್ ಮಾಡಿದೆನೇ ಎಂದು ಓಡಿ ಬರುತ್ತೇನೆ. ಇಂಥ ನಾವಿಬ್ಬರೂ ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಹಳೆಯ ಬೈಕಿನಲ್ಲಿ ರಾಜಸ್ಥಾನದ ಮರಳುಗಾಡು ನೋಡಲು ಹೊರಟೆವು. "ತಿರುಪ್ತಿಗೆ ಹೋಗ್ಬರಬಾರ್ದೇನಮ್ಮಾಯೀ?" ಎಂದು ಅತ್ತೆ ಕೇಳಿದ್ದಕ್ಕೆ ಅವರ ಮಗ ಕಿವಿಗೊಡಲಿಲ್ಲ.

ನನ್ನದು ಒಂದೇ ಹಟ, ನೀರು. ಕ್ಯಾನು ತುಂಬಿಸದೆ ಒಂದು ಊರನ್ನೂ ಬಿಡಗೊಡಲಿಲ್ಲ. ಪೆಟ್ರೋಲಿನ ಯೋಚನೆ ಇಬ್ಬರಿಗೂ ಬರಲಿಲ್ಲ ನೋಡಿ. ನಮ್ಮ ಕಡೆ ಮುಗಿದುಹೋಗುವುದು ನೀರು; ಪೆಟ್ರೋಲ್ ಬಂಕು ಹೆಜ್ಜೆಗೊಂದಿದೆ. ಕೋಲಾರದ ಕಡೆಯವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು.

ಜೈಸಲ್ಮೇರ್ ಬಿಟ್ಟ ಮಾರನೆಯ ದಿನ. ದಾರಿಯಲ್ಲಿದ್ದ ಒಂದೇ ಬಂಕು ಬಾಗಿಲು ಹಾಕಿತ್ತು. ಅಲ್ಲಿಂದ ಮುಂದೆ, ಹಾಡು ಗುನುಗುತ್ತಿದ್ದ ಯಜಮಾನರು ಸುಮ್ಮನಾದರು.

"ಯಾಕ್ರೀ?" ಅಂದೆ.

"ಏನಿಲ್ಲ ಕಣೇ. ಗಾಳಿ."

ಒಂದು ಗಂಟೆ ಕಳೆಯುವುದರೊಳಗೆ ಬೈಕು ಎರಡು ಸಲ ಕೆಮ್ಮಿ ನಿಂತಿತು. ಎರಡೂ ಕಡೆ ಮರಳು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ನೆರಳೆಂದರೆ ನಮ್ಮದು ಮತ್ತು ಬೈಕಿನದು. ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಬೈಕೇ ಮತ್ತೆ ಸ್ಟಾರ್ಟ್ ಆಯಿತೇನೋ ಅಂದುಕೊಂಡೆ.

ಬಹಳ ಹೊತ್ತಿನ ಮೇಲೆ ಒಬ್ಬ ಮುದುಕ ಬೈಕಿನಲ್ಲಿ ಬಂದ. ಎರಡು ಪಕ್ಕದಲ್ಲೂ ತುಂಬಿದ ಹಾಲಿನ ಕ್ಯಾನು. ನನ್ನ ಹಿಂದಿ ಎಂದರೆ ಮುಳಬಾಗಿಲಿನ ಸಂತೆಯಲ್ಲಿ ಕಲಿತ ಉರ್ದು. ಅವನಿಗೆ ಅರ್ಧ ಅರ್ಥವಾಯಿತು. ಪೆಟ್ರೋಲ್ ಕೊಡಲು ಒಪ್ಪಿದ. ಅವನ ಟ್ಯಾಂಕಿನ ಕೆಳಗಿನ ಪೈಪು ಕಿತ್ತು ಹಿಡಿದುಕೊಳ್ಳಬೇಕು. ಹಿಡಿಯಲು ನಮ್ಮ ಬಳಿ ಇದ್ದದ್ದು ನೀರಿನ ಕ್ಯಾನು ಒಂದೇ. ಅದರಲ್ಲಿ ಕುತ್ತಿಗೆಯವರೆಗೆ ನೀರು.

"ಚೆಲ್ಲೇ," ಎಂದರು ಯಜಮಾನರು.

"ಗಾಡಿ ಸ್ಟಾರ್ಟ್ ಆಗ್ಲಿಲ್ಲಾಂದ್ರೆ?"

ಬಿಸಿಲಿಗೆ ಹಾಲು ಒಡೆದೀತೆಂದು ಮುದುಕ ಅವಸರ ಮಾಡುತ್ತಿದ್ದ. ಇಬ್ಬರೂ ಹೊಟ್ಟೆ ಬಿರಿಯುವಷ್ಟು ಕುಡಿದೆವು. ಮುದುಕನಿಗೂ ಕುಡಿಸಿದೆ. ನನ್ನ ದುಪಟ್ಟಾ ತೋಯಿಸಿ ತಲೆಗೆ ಸುತ್ತಿಕೊಂಡೆ. ಆದರೂ ಅರ್ಧ ಕ್ಯಾನು ಉಳಿಯಿತು. ಟ್ಯಾಂಕರ್ ಬಂದಾಗ ಒಂದು ಬಿಂದಿಗೆಗಾಗಿ ಬೀದಿಯವರೊಂದಿಗೆಲ್ಲ ಜಗಳವಾಡಿದವಳು ನಾನು. ಅದನ್ನು ಮರಳಿಗೆ ಸುರಿಯುವಾಗ ಕಣ್ಣಲ್ಲಿ ನೀರು ಬಂತು. ಮರಳು ಸದ್ದಿಲ್ಲದೆ ಕುಡಿದುಬಿಟ್ಟಿತು.

ಯಜಮಾನರು ಟವೆಲ್ಲಿನಿಂದ ಕ್ಯಾನಿನ ಒಳಗನ್ನು ಒರೆಸಿ ಒರೆಸಿ ಒಣಗಿಸಿದರು. ಒಂದು ಹನಿ ನೀರು ಉಳಿದರೂ ಗಾಡಿ ಮುಷ್ಕರ ಹೂಡುತ್ತದಂತೆ. ಮುದುಕ ಒಂದೂವರೆ ಲೀಟರು ಬಿಟ್ಟುಕೊಟ್ಟು, ಕೈಯಿಂದ ದಾರಿ ತೋರಿಸಿ ಹೊರಟುಹೋದ. ಈಗ ನೀರೂ ಇಲ್ಲ, ಮನುಷ್ಯರೂ ಇಲ್ಲ. ಒಂದು ಕಿಕ್. ಎರಡು. ಮೂರು. ತಲೆಯ ಮೇಲಿನ ದುಪಟ್ಟಾ ಆಗಲೇ ಒಣಗಿತ್ತು. ನಾನು ಮನೆದೇವರಿಗೆ ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಆರನೆಯ ಕಿಕ್ಕಿಗೆ ಹಿಡಿಯಿತು.

ಬಂಕು ಸಿಕ್ಕಿತು. ಪಕ್ಕದ ಅಂಗಡಿಯಲ್ಲಿ ಅವರು ಅರ್ಧ ಲೋಟ ಚಹಾ ಪ್ಯಾಂಟಿನ ಮೇಲೆ ಚೆಲ್ಲಿಕೊಂಡರು. ಆಗ ಬಾಯಿಬಿಟ್ಟರು: ಮುಚ್ಚಿದ ಬಂಕು ದಾಟುವಾಗಲೇ ಬೈಕು ರಿಸರ್ವ್‌ಗೆ ಬಿದ್ದಿತ್ತಂತೆ. ನಾನು ಹೆದರುತ್ತೇನೆಂದು ಹೇಳಲಿಲ್ಲವಂತೆ.

ಬಂದ ಸಿಟ್ಟು ಅಷ್ಟಿಷ್ಟಲ್ಲ. "ಅಷ್ಟೊತ್ತೂ ಒಬ್ರೇ ಹೆದರ್ಕೊಂಡು ಗಾಡಿ ಓಡಿಸಿದ್ರಾ? ಮತ್ತೆ ನಾನು ಹಿಂದೆ ಕೂತಿರೋದ್ಯಾಕೆ?"

"ನನಗೇನ್ ಭಯ? ಚಹಾ ಬಿಸಿ ಇತ್ತು," ಎಂದರು.

ಎರಡು ವರ್ಷ ಅದೇ ಮಾತು. ಈಗ ಕಚ್‌ನ ಉಪ್ಪಿನ ಮರುಭೂಮಿಗೆ ಹೋಗೋಣ ಎನ್ನುತ್ತಿದ್ದಾರೆ. ಅದಕ್ಕೇ ಇವತ್ತು ಕ್ಯಾನನ್ನು ಇಳಿಸಿ, ತೆರೆದು, ಅವರ ಮೂಗಿನ ಮುಂದೆ ಹಿಡಿದೆ. ಒಮ್ಮೆ ಮೂಸಿ ಮುಚ್ಚಳ ಹಾಕಿದರು.

"ಅವತ್ತು ತುಂಬಾ ಭಯ ಆಗಿತ್ತು ಕಣೇ," ಎಂದರು. "ಈಗ್ಲೂ ಆಗ್ತಿದೆ."

ನಾನು ಕ್ಯಾನಿನ ಮೇಲೆ ದಪ್ಪಕ್ಷರದಲ್ಲಿ 'ಪೆಟ್ರೋಲ್' ಎಂದು ಬರೆದೆ. ನೀರಿಗೆ ಹೊಸದೊಂದು ತರೋಣವೆಂದು ಇಬ್ಬರೂ ಬೀಗ ಹಾಕಿ ಹೊರಟೆವು. ಬೀದಿ ಕೊನೆಯಲ್ಲಿ ಅವರು ಬೈಕು ನಿಲ್ಲಿಸಿ ಹಿಂತಿರುಗಿ ನೋಡಿದರು.

"ಲೇ, ಗ್ಯಾಸ್ ಆಫ್ ಮಾಡಿದ್ಯಾ?"