ಅಳತೆ ಸಿಗದ ಗುಂಡು

ಕೊಪ್ಪದ ಬಸ್ ನಿಲ್ದಾಣದ ಹಿಂದಿರುವ ಭೈರಪ್ಪನ ಕೋವಿ ರಿಪೇರಿ ಅಂಗಡಿ ಮುಚ್ಚಿ ವರ್ಷವಾಗುತ್ತ ಬಂತು. ಬಾಗಿಲಿಗೆ ಬಿದ್ದಿರುವ ಬೀಗ ಅವನು ಹಾಕಿದ್ದಲ್ಲ. ಊರಿನಲ್ಲಿ ಈ ವಿಷಯ ಎರಡು ಬಗೆಯಾಗಿ ಓಡಾಡುತ್ತಿದೆ. ಎರಡೂ ಸರಿಯಿಲ್ಲದ ಕಾರಣ ನಡೆದದ್ದನ್ನು ಬರೆಯುತ್ತಿದ್ದೇನೆ.

ಭೈರಪ್ಪನ ಅಪ್ಪ ಕೊಪ್ಪದ ಪಕ್ಕದ ಹಳ್ಳಿ ನಾರ್ವೆಯಲ್ಲಿ ಕಮ್ಮಾರಿಕೆ ಮಾಡುತ್ತಿದ್ದವನು. ಮಗ ಕುಲುಮೆಯಿಂದ ಕೋವಿಗೆ ಬಂದ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿಗಳು ನಮ್ಮಲ್ಲಿ ಬಹಳ. ನಳಿಗೆಯ ಬಾಯಿಂದ ಮದ್ದು ಸುರಿದು ಮೇಲೆ ಗುಂಡು ತುಂಬುವ ಹಳೆಯ ಜಾತಿ. ಪ್ರತಿ ಕೋವಿಗೂ ಭೈರಪ್ಪ ಕೋಣದ ಕೊಂಬಿನಲ್ಲಿ ಮದ್ದು ಅಳೆಯುವ ಬೇರೆಬೇರೆ ಅಳತೆಬಟ್ಟಲು ಮಾಡಿಕೊಡುತ್ತಿದ್ದ. ಮೊದಲು ನಳಿಗೆಗೆ ಹೊಂದುವ ಗುಂಡನ್ನು ಎರಕ ಹೊಯ್ಯುವುದು, ಆಮೇಲೆ ಅದಕ್ಕೆ ತಕ್ಕ ಅಳತೆ ಹುಡುಕುವುದು. ನಲವತ್ತು ವರ್ಷ ಈ ಕ್ರಮ ಅವನ ಕೈಬಿಟ್ಟಿರಲಿಲ್ಲ.

ಅವನ ಪರವಾನಗಿ ರಿಪೇರಿಗೆ ಮಾತ್ರ. ಆದರೂ ಹಳೆಯ ಗಿರಾಕಿಗಳಿಗೆ ಹೊಡೆದು ಖಾಲಿಯಾದ ತೋಟಾಗಳನ್ನು, ಅಂದರೆ ಕಾರ್ಟ್ರಿಜ್‌ಗಳನ್ನು, ಮತ್ತೆ ತುಂಬಿಕೊಡುತ್ತಿದ್ದ. ಯಾವುದೋ ಎಸ್ಟೇಟಿನ ದೊರೆ ಬಿಟ್ಟುಹೋದ ಇಂಗ್ಲಿಷ್ ಪುಸ್ತಕವೊಂದು ಅವನಲ್ಲಿತ್ತು. ಯಾವ ತೋಟಾಕ್ಕೆ, ಎಷ್ಟು ತೂಕದ ಗುಂಡಿಗೆ, ಎಷ್ಟು ಮದ್ದು ಎಂಬ ಕೋಷ್ಟಕಗಳು ಅದರ ತುಂಬ. ಅವನಿಗೆ ಇಂಗ್ಲಿಷ್ ಬಾರದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನನ್ನಲ್ಲಿಗೆ ಬಂದು ಓದಿಸಿಕೊಳ್ಳುತ್ತಿದ್ದ. ಪರವಾನಗಿಯ ಮಾತು ಗೊತ್ತಿದ್ದೂ ನಾನು ಓದಿ ಹೇಳುತ್ತಿದ್ದೆ. ಅದು ತಪ್ಪು.

ಕಳೆದ ವರ್ಷ ಕಾಫಿ ಹೂ ಬಿಡುವ ಹೊತ್ತಿಗೆ ಭೈರಪ್ಪ ಬಸರೀಕಟ್ಟೆಯ ಪ್ಲಾಂಟರ್ ಸುಂದರೇಶ್‌ನೊಂದಿಗೆ ನನ್ನಲ್ಲಿಗೆ ಬಂದ. ಸುಂದರೇಶ್ ನನ್ನ ಹಳೆಯ ವಿದ್ಯಾರ್ಥಿ, ಎರಡು ಸಲ ಫೇಲಾದವನು. ಅವನಲ್ಲಿ ಅಜ್ಜನ ಕಾಲದ ರಿವಾಲ್ವರ್ ಇತ್ತು. ತೋಟದಲ್ಲಿ ಎದುರಾದ ಹಂದಿ ಗುಂಡು ತಗುಲಿಯೂ ಓಡಿಹೋಗಿತ್ತಂತೆ. ಅವನಿಗೆ ಭಾರದ ಗುಂಡು ಬೇಕಿತ್ತು. ಭೈರಪ್ಪ ತನ್ನ ಕ್ರಮದಂತೆ ಮೊದಲು ಗುಂಡುಗಳನ್ನು ಎರಕ ಹೊಯ್ದಿದ್ದ. ಹದಿನೆಂಟು. ಈಗ ಅಳತೆ ಬೇಕಾಗಿತ್ತು.

ಪುಸ್ತಕದಲ್ಲಿ ಆ ತೋಟಾದ ಪುಟ ನೋಡಿದೆ. ಅಷ್ಟು ಭಾರದ ಗುಂಡಿಗೆ ಸಾಲೇ ಇರಲಿಲ್ಲ.

"ಇಲ್ಲ ಭೈರಪ್ಪ. ಇದರಲ್ಲಿ ಕೊಟ್ಟಿಲ್ಲ. ಭಾರ ಹೆಚ್ಚಿದರೆ ಗುಂಡು ಉದ್ದವಾಗುತ್ತೆ, ತೋಟಾದ ಚಿಪ್ಪಿನೊಳಗೆ ಹೆಚ್ಚು ಜಾಗ ಹಿಡಿಯುತ್ತೆ. ಮದ್ದಿಗೆ ಜಾಗ ಕಮ್ಮಿ, ಒತ್ತಡ ಜಾಸ್ತಿ."

ಅವನು ಡಬ್ಬಿಯಿಂದ ಒಂದು ಗುಂಡು ತೆಗೆದು ಅಂಗೈಯಲ್ಲಿ ತೂಗಿದ. "ಮನೆ ಸಣ್ಣದಾಯ್ತು, ಇರೋ ಜನ ಅಷ್ಟೇ. ಹೌದಲ್ಲ ಮೇಡಂ? ಗೋಡೆ ಒಡೀತದೆ."

"ಫೋನಲ್ಲಿ ಇದೆ, ನೋಡಿ," ಎಂದು ಸುಂದರೇಶ್ ಪರದೆ ಮುಂದೆ ಹಿಡಿದ. ಯಾರೋ ಹೊರದೇಶದವರು ಬರೆದ ಪುಟ. ಗುಂಡಿನ ತೂಕ ಅದೇ. ಮೇಲೆ ಮ್ಯಾಗ್ನಮ್ ಎಂದಿತ್ತು.

"ಇದು ಬೇರೆ ತೋಟಾ," ಎಂದೆ. "ಅಗಲ ಮಾತ್ರ ಒಂದೇ. ಇದರ ಚಿಪ್ಪು ಉದ್ದ. ಈ ಒತ್ತಡ ತಡೆಯೋದಕ್ಕೇ ಮಾಡಿದ ರಿವಾಲ್ವರ್ ಬೇರೆ. ನಿನ್ನದು ತಡೆಯೋದಿಲ್ಲ."

"ಸ್ವಲ್ಪ ಕಮ್ಮಿ ಹಾಕಿದ್ರೆ ಆಯ್ತಲ್ಲ ಮೇಡಂ."

"ಎಷ್ಟು ಕಮ್ಮಿ?"

ಅವನು ಭೈರಪ್ಪನ ಕಡೆ ತಿರುಗಿದ. "ಎಂತ ಮಾರಾಯ, ನೀನು ಕೋವಿ ರಿಪೇರಿಯವನೋ, ಪಂಚಾಂಗ ನೋಡುವವನೋ?"

"ಅಳತೆ ಸಿಗದೆ ನಾ ತುಂಬೂದಿಲ್ಲ ಸಾವ್ಕಾರ್ರೇ. ಗುಂಡು ಕರಗಿಸಿಬಿಡ್ತೆ."

"ಕರಗಿಸೂದು ಎಂತಕ್ಕೆ? ಪೇಪರ್ ಹಾರದ ಹಾಗೆ ಮೇಲೆ ಇಡಲಿಕ್ಕೆ ಆಗ್ತದೆ, ಕೊಡು." ನಗುತ್ತಲೇ ಡಬ್ಬಿಯನ್ನು ಜೇಬಿಗಿಳಿಸಿದ. ಭೈರಪ್ಪ ಕೈ ಚಾಚಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಷ್ಟು ವರ್ಷದ ಗಿರಾಕಿಯ ಜೇಬಿಗೆ ಕೈಹಾಕುವುದು ಹೇಗೆ?

ಮುಂದೆ ಚುನಾವಣೆ ಬಂತು. ಆಗ ಲೈಸೆನ್ಸಿನವರು ಕೋವಿಗಳನ್ನು ಸ್ಟೇಷನ್ನಿನಲ್ಲಿ ಒಪ್ಪಿಸಬೇಕು. ಕೆಲವರು ತುಂಬಿದ ಕೋವಿಯನ್ನೇ ತಂದಿಡುವುದರಿಂದ, ಪರೀಕ್ಷಿಸಿ ಚೀಟಿ ಬರೆಯಲು ಭೈರಪ್ಪನನ್ನು ಕರೆಸುತ್ತಿದ್ದರು. ಮುಂದಿನದನ್ನು ಅವನೇ ನನಗೆ ಹೇಳಿದ್ದು.

ಸುಂದರೇಶ್ ರಿವಾಲ್ವರನ್ನೂ ಆರು ತೋಟಾಗಳನ್ನೂ ಮೇಜಿನ ಮೇಲಿಟ್ಟು ತಗ್ಗಿದ ದನಿಯಲ್ಲಿ, "ಫೋನ್ ನೋಡಿ ನಾನೇ ತುಂಬಿದೆ, ಐದು ಹೊಡೆದೆ. ಎಂತ ಆಯ್ತು? ನೀನೂ ನಿನ್ನ ಮೇಡಮ್ಮೂ," ಎಂದನಂತೆ. ಭೈರಪ್ಪ ತೆರೆದು ನೋಡಿದ. ಹೊಡೆದ ಚಿಪ್ಪುಗಳು ಉಬ್ಬಿ ಒಳಗೇ ಕಚ್ಚಿಕೊಂಡಿದ್ದವು. ಕಿಟಕಿಯ ಬೆಳಕಿಗೆ ಹಿಡಿದಾಗ, ತೋಟಾ ಕೂರುವ ಉರುಳೆಯ ಮೇಲೆ ಕೂದಲಿನಷ್ಟು ಸಪೂರದ ಗೆರೆ ಕಂಡಿತು. ಉಗುರಿನಲ್ಲಿ ಕೆರೆದ. ಉಗುರು ಸಿಕ್ಕಿಕೊಂಡಿತು. ಅದು ಬಿರುಕು.

‘ಸರಿ ಇದೆ’ ಎಂದು ಚೀಟಿ ಬರೆದರೆ ಚುನಾವಣೆ ಮುಗಿದ ಮೇಲೆ ರಿವಾಲ್ವರ್ ಬಸರೀಕಟ್ಟೆಗೆ ವಾಪಸಾಗುತ್ತದೆ. ಆರನೆಯ ಗುಂಡಿಗೋ ಏಳನೆಯದಕ್ಕೋ ಸುಂದರೇಶನ ಕೈ ಹೋಗುತ್ತದೆ, ಇಲ್ಲವೆ ಮುಖ. ಬಿರುಕು ಎಂದು ಬರೆದರೆ ಯಾಕೆ ಬಿಟ್ಟಿತು ಎಂಬ ಪ್ರಶ್ನೆ ಏಳುತ್ತದೆ. ತಾಲೂಕಿನಲ್ಲಿ ತೋಟಾ ತುಂಬುವವನು ಯಾರೆಂದು ಎಲ್ಲರಿಗೂ ಗೊತ್ತು.

ಭೈರಪ್ಪ ಬಿರುಕು ಎಂದೇ ಬರೆದ.

"ಯಾರು ತುಂಬಿದ್ದು?" ಎಂದು ಅಧಿಕಾರಿ ಕೇಳಿದರು.

ಸುಂದರೇಶ್ ಕಿಟಕಿಯಾಚೆ ನೋಡುತ್ತಿದ್ದ.

"ತುಂಬಿದ್ದು ನಾನಲ್ಲ ಸಾರ್. ಗುಂಡು ನನ್ನದು."

ರಿವಾಲ್ವರ್ ಜಪ್ತಿಯಾಯಿತು. ಭೈರಪ್ಪನ ಪರವಾನಗಿ ಹೋಯಿತು, ಅಂಗಡಿಗೆ ಬೀಗ ಬಿತ್ತು. ಅವನು ಬೇಡವೆಂದರೂ ನಾನು ಸ್ಟೇಷನ್ನಿಗೆ ಹೋಗಿ ಪುಸ್ತಕ ಓದಿದ್ದು ನಾನೆಂದು ಬರೆದುಕೊಟ್ಟೆ. ಅದರಿಂದ ಏನೂ ಬದಲಾಗಲಿಲ್ಲ. ಈಗ ಅವನು ನಾರ್ವೆಯಲ್ಲಿ ಕತ್ತಿ, ಹಾರೆ ಹಣಿಯುತ್ತಾನೆ. ಎದುರಿಗೆ ಸಿಕ್ಕರೆ ಸುಂದರೇಶ್ ಮುಖ ತಿರುಗಿಸುತ್ತಾನೆ. ಅವನ ಎರಡು ಕೈಗಳೂ ನೆಟ್ಟಗಿವೆ.

ಹದಿನೆಂಟರಲ್ಲಿ ಹೊಡೆದದ್ದು ಐದು, ಸ್ಟೇಷನ್ನಿಗೆ ಬಂದದ್ದು ಆರು. ಉಳಿದ ಏಳನ್ನು ತುಂಬಿ ಯಾರೋ ನೆಂಟರಿಗೆ ಕೊಟ್ಟೆನೆಂದು ಸುಂದರೇಶನೇ ಭೈರಪ್ಪನಿಗೆ ಹೇಳಿದ್ದ. ಯಾರಿಗೆ ಎಂದು ಹೇಳಲಿಲ್ಲ, ಸ್ಟೇಷನ್ನಿನಲ್ಲಂತೂ ನೆಂಟರಿಗೆ ಕೊಟ್ಟದ್ದನ್ನೇ ಒಪ್ಪಲಿಲ್ಲ. ಆ ತೋಟಾಗಳನ್ನು ಹೊರಗಿನಿಂದ ನೋಡಿ ಗುರುತಿಸುವುದು ಸಾಧ್ಯವಿಲ್ಲ, ತೂಗಿಯೇ ತಿಳಿಯಬೇಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿ ಅದೇ ಅಗಲದ ತೋಟಾ ಹಿಡಿಸುವ ರಿವಾಲ್ವರ್ ಇರುವವರು ಇನ್ನೂ ನಾಲ್ವರು. ಎಲ್ಲವನ್ನೂ ಒಂದಲ್ಲ ಒಂದು ಸಲ ಭೈರಪ್ಪನೇ ರಿಪೇರಿ ಮಾಡಿದ್ದಾನೆ. ಕೆಲಸವಿಲ್ಲದ ದಿನ ಬಸ್ಸು ಹತ್ತಿ ಹೋಗಿ ಮೂವರ ತೋಟಾಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟು ತೂಗಿ ಬಂದ. ಭಾರದ್ದು ಸಿಗಲಿಲ್ಲ.

ನಾಲ್ಕನೆಯವರು ಶೃಂಗೇರಿಯ ಕಡೆಯವರು. ಹೋದ ವಾರ ಅಂಗಳದಲ್ಲೇ ನಿಲ್ಲಿಸಿ ಮಾತಾಡಿದರಂತೆ.

"ನನ್ನತ್ರ ಅಂಥದ್ದು ಎಂತದೂ ಇಲ್ಲ. ಲೈಸೆನ್ಸ್ ಹೋದವನಿಗೆ ನನ್ನ ರಿವಾಲ್ವರ್ ಎಂತಕ್ಕೆ ತೋರಿಸ್ಲಿ?"

"ನಂಗೆ ತೋರಿಸೂದು ಬೇಡ ಅಯ್ಯಾ. ನೀವೇ ತೂಗಿ ನೋಡಿ," ಎಂದು ಭೈರಪ್ಪ ದಾರದಲ್ಲಿ ಕಟ್ಟಿ ತಂದಿದ್ದ ತಕ್ಕಡಿಯನ್ನು ಹಾಗೆಯೇ ಜಗಲಿಯ ತುದಿಯಲ್ಲಿಟ್ಟು ಬಂದಿದ್ದಾನೆ.

ನಿನ್ನೆ ತಕ್ಕಡಿ ಅಂಚೆಯಲ್ಲಿ ವಾಪಸು ಬಂತು. ಭೈರಪ್ಪ ಕಟ್ಟಿದ್ದ ದಾರವನ್ನು ಬಿಚ್ಚಿರಲೇ ಇಲ್ಲ.