ಸುಗಂಧಾ ಎಲ್ಲಿ ಮಲಗುತ್ತಿದ್ದಳು

ಕೇಣಿಯ ಕಡಲದಂಡೆಯಲ್ಲಿ ಸುಗಂಧಾಳ ಒಣಮೀನಿಗೆ ಹೆಸರಿತ್ತು. ಮರಳು ಹತ್ತದ ಬಂಗಡೆ, ಹುಳ ಬೀಳದ ಸಿಗಡಿ. ಗುಟ್ಟೇನೂ ದೊಡ್ಡದಲ್ಲ. ದೀಪಾವಳಿ ಕಳೆದ ಮೇಲೆ ಮಳೆ ಬೀಳುವ ತನಕ ಆಕೆ ಮನೆಗೆ ಬೀಗ ಹಾಕಿ, ದಂಡೆಯ ತೆಂಗಿನ ಮಡಲಿನ ಚಪ್ಪರದಲ್ಲೇ ಮಲಗುತ್ತಿದ್ದಳು. ನಾಯಿ ಕಾಯಬೇಕು, ಇಬ್ಬನಿ ಬಿದ್ದರೆ ಎದ್ದು ಮೀನಿಗೆ ತಾಡಪಾಲು ಹೊದೆಸಬೇಕು. ಗಂಡ ಸತ್ತ ಮೇಲೆ ಹದಿನೆಂಟು ವರ್ಷ ಇದೇ ಬಾಳು.

ಮನೆ ಇದ್ದದ್ದು ರೈಲ್ವೆ ಸ್ಟೇಷನ್ ಹತ್ತಿರದ ಕಾಲನಿಯಲ್ಲಿ. ಹಿಂದೊಮ್ಮೆ ಸರಕಾರ ಸಮುದ್ರದಂಚಿನ ಊರು ಕಿತ್ತುಕೊಂಡು ಮೀನುಗಾರರನ್ನು ಅಲ್ಲಿ ತಂದು ಸುರಿದಿತ್ತು. ಹಕ್ಕುಪತ್ರ ಮಾತ್ರ ಕೊಡಲಿಲ್ಲ. ಈಗ ಸ್ಟೇಷನ್ ಸುತ್ತಲಿನ ಜಾಗಕ್ಕೆ ಸರಕಾರದ ಹಣ ಬಂದಿತ್ತು: ಅಂಗಡಿಸಾಲು, ಬಸ್ ನಿಲ್ದಾಣ, ನಾಲ್ಕು ಅಂತಸ್ತಿನ ಮನೆಗಳು. ಕಾಲನಿ ಕೆಡವುತ್ತಾರೆ, ವಾಸವಿದ್ದವರಿಗೆ ಒಂದೊಂದು ಫ್ಲ್ಯಾಟು, ಅದು ಏಳುವ ತನಕ ಬಾಡಿಗೆ. ಸುಗಂಧಾಗೆ ಬೇಕಿದ್ದದ್ದು ಅಷ್ಟೇ. ಮಳೆಗಾಲದಲ್ಲಿ ಸೋರದ, ಇನ್ನೊಮ್ಮೆ ಯಾರೂ ಎಬ್ಬಿಸದ ಒಂದು ಕೋಣೆ.

ಜನವರಿಯಲ್ಲಿ ಸರ್ವೆಗೆ ಬಂದ ಆಶಿಷ ಬೀಗ ನೋಡಿ, ವಿಚಾರಿಸುತ್ತ ದಂಡೆಗೇ ಬಂದ. ಒಳ್ಳೆಯವನೇ, ಮೂಗು ಮುಚ್ಚಿಕೊಳ್ಳಲಿಲ್ಲ.

"ಬಾಯಿ, ನೀವು ಆ ಮನೇಲಿ ಇರೂದಿಲ್ವಾ?"

"ಮೀನು ಇಲ್ಲಿ ಬಿಟ್ಟು ಅಲ್ಲಿ ಹ್ಯಾಂಗೆ ಮಲಗೂದು ಮಾರಾಯಾ? ಮನೇಲಿ ಮಲಗೋರ ಮೀನು ತಿಂದು ನೋಡು, ಬರೀ ನಾತ. ನಾನು ಏಳು ತಿಂಗಳು ಇಲ್ಲೇ. ಬರ್ಕೋ!"

ಅವನು ಬರೆದುಕೊಂಡ. ಆಕೆ ಉಪ್ಪುಗೈ ಒರೆಸಿಕೊಂಡು ಸಹಿ ಹಾಕಿದಳು. ಹೋಗುವಾಗ ಒಂದು ಪೊಟ್ಟಣ ಸಿಗಡಿಯನ್ನೂ ಕೊಟ್ಟಳು.

ಮಾರ್ಚಿನಲ್ಲಿ ಫ್ಲ್ಯಾಟಿನ ಪಟ್ಟಿ ಬಂತು. ದಂಡೆಯಲ್ಲಿ ಮಲಗುವ ಬೇರೆ ಹೆಂಗಸರ ಮನೆಗಳಲ್ಲಿ ಸರ್ವೆಯ ದಿನ ಮುದುಕರೋ ಸೊಸೆಯರೋ ಬಾಗಿಲು ತೆಗೆದಿದ್ದರು. ಸುಗಂಧಾಗೆ ಬಾಗಿಲು ತೆಗೆಯುವವರಿರಲಿಲ್ಲ. ಹೆಸರಿನೆದುರು 'ವಾಸವಿಲ್ಲ' ಎಂದಿತ್ತು.

ಕಾಲನಿಯ ಪರವಾಗಿ ಓಡಾಡುತ್ತಿದ್ದ ಶಾಂತಾರಾಮ ಹಣೆ ಚಚ್ಚಿಕೊಂಡ. "ಮಳೆಗಾಲದಲ್ಲಿ ಆ ಮನೇಲೇ ಇರೂದು ಅಂತ ಒಂದು ಮಾತು ಹೇಳೂಕೆ ಎಂತಾಗಿತ್ತೆ ನಿಂಗೆ?"

"ಅವ ಕೇಳ್ಳಿಲ್ಲ, ಶಾಂತಾರಾಮಣ್ಣಾ."

"ಮೀನಿನ ಬಡಾಯಿ ಅವ ಕೇಳಿದ್ನಾ?"

ಇಬ್ಬರೂ ಅರ್ಜಿ ಹಿಡಿದು ಕಾರವಾರಕ್ಕೆ ಹೋದರು. ಅಧಿಕಾರಿ ಕರೆಂಟು ಬಿಲ್ಲು ಕೇಳಿದ. ಏಳು ತಿಂಗಳು ಯೂನಿಟ್ ಸೊನ್ನೆ.

"ಒಣಮೀನು ಮಾಡೋರಿಗೆ ಇದೇ ರೂಢಿ ಸಾರ್!" ಶಾಂತಾರಾಮ ಮೇಜು ಗುದ್ದಿದ.

"ರೂಢಿಗೆ ಫಾರ್ಮಿನಲ್ಲಿ ಕಾಲಂ ಇಲ್ಲ."

"ಹಂಗಾದ್ರೆ ಚಪ್ಪರವೇ ನನ್ನ ಮನೆ. ಅದಕ್ಕೆ ಪಟ್ಟಾ ಕೊಡಿ," ಎಂದಳು ಸುಗಂಧಾ.

"ದಂಡೆ ಸರಕಾರದ್ದಮ್ಮಾ."

ಮೇ ತಿಂಗಳಲ್ಲಿ ಜೆಸಿಬಿ ಬಂತು. ಶಾಂತಾರಾಮ ಕಾಲನಿಯವರನ್ನೆಲ್ಲ ಧರಣಿಗೆ ಕರೆದ. ಬಾಡಿಗೆ ಹಣ ಕೈಗೆ ಬಿದ್ದವರು ಬರಲಿಲ್ಲ. ಸುಗಂಧಾಳ ಹೊಸ್ತಿಲೆದುರು ಕೂತವರು ಐದೇ ಜನ. ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು, ಸಂಜೆ ಬಿಟ್ಟರು. ಅಷ್ಟರಲ್ಲಿ ಹೊಸ್ತಿಲೂ ಇರಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ದಂಡೆಯ ಹೆಂಗಸರೆಲ್ಲ ಚಪ್ಪರ ಬಿಚ್ಚಿ, ಪಾತ್ರೆ ಪಗಡ ಕಟ್ಟಿಕೊಂಡು ಬಾಡಿಗೆ ಮನೆಗಳಿಗೆ ಹೋಗಲು ಟೆಂಪೋ ಹತ್ತಿದರು.

"ಸುಗಂಧಕ್ಕಾ, ಬರೂದಿಲ್ವಾ? ಹೊತ್ತಾಯ್ತು!" ಪ್ರತಿ ವರ್ಷದಂತೆ ಕೂಗಿದ ನೆರೆಯ ನಾಗಿ ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಸುಗಂಧಾ ಮೀನಿನ ತಾಡಪಾಲನ್ನು ಚಪ್ಪರದ ಮೇಲೆಳೆದು ಅಂಚಿಗೆ ಕಲ್ಲು ಹೇರುತ್ತಿದ್ದಳು.